ನಾಲ್ಕು ಭಾನುವಾರಗಳ ಜಾತಕ ಕಥೆಗಳ ಓದು: ಹಾಸನದ ಒಂದು ಓದುಕೂಟ

ಹಾಸನದ ಪುಸ್ತಕದಂಗಡಿಯೊಂದರ ಮಹಡಿಯಲ್ಲಿ ನಾಲ್ಕು ಭಾನುವಾರ ನಡೆದ ಜಾತಕ ಕಥೆಗಳ, ಅಂದರೆ ಬುದ್ಧನ ಹಿಂದಿನ ಜನ್ಮಗಳ ಕಥೆಗಳ ಓದುಕೂಟಕ್ಕೆ 600 ರೂಪಾಯಿ ಕಟ್ಟಿ ಸೇರಿದ್ದೆ. ಜಾತಕವೆಂದರೆ ಮಕ್ಕಳ ನೀತಿಕಥೆ ಎಂಬ ನನ್ನ ಎಣಿಕೆ ಮೊದಲ ದಿನವೇ ತಪ್ಪಿತು. ಪಾಲಿ ಸಂಗ್ರಹದಲ್ಲಿ 547 ಕಥೆಗಳಿವೆ. ಅವುಗಳಲ್ಲಿ ಗಾಥೆಗಳು, ಅಂದರೆ ಪದ್ಯಗಳಷ್ಟೇ ಮೂಲಪಾಠ, ಗದ್ಯವೆಲ್ಲ ಅಟ್ಠಕಥೆಗೆ, ಅಂದರೆ ವ್ಯಾಖ್ಯಾನಕ್ಕೆ ಸೇರಿದ್ದು. ಬುದ್ಧನ ಕಾಲದ ಪ್ರಸಂಗ, ಹಿಂದಿನ ಜನ್ಮದ ಕಥೆ, ಕೊನೆಗೆ ಯಾರು ಯಾರಾಗಿದ್ದರೆಂದು ತಿಳಿಸುವ ಸಮೋಧಾನ, ಇವು ಸೇರಿದರೆ ಒಂದು ಜಾತಕ. ಮಕ್ಕಳ ಪುಸ್ತಕಗಳು ಮೊದಲನೆಯದನ್ನೂ ಕೊನೆಯದನ್ನೂ ಕತ್ತರಿಸಿ ನಡುವಿನ ತುಂಡನ್ನಷ್ಟೇ ಕೊಡುತ್ತವೆ.

ಎರಡನೆಯ ಭಾನುವಾರ ಪೂರ್ತಿ ಮೊಲದ ಕಥೆಯಾದ 316ನೆಯ ಸಸ ಜಾತಕಕ್ಕೆ ಮೀಸಲಾಗಿತ್ತು. ನೀರುನಾಯಿಗೆ ಮೀನು, ನರಿಗೆ ಉಡ ಮತ್ತು ಮೊಸರು, ಕೋತಿಗೆ ಮಾವಿನಹಣ್ಣು ಸಿಕ್ಕಿವೆ. ಮೊಲದ ಬಳಿ ಇರುವುದು ಹುಲ್ಲು ಮಾತ್ರ, ಅದನ್ನು ಬೇಡಿ ಬರುವ ಅತಿಥಿಗೆ ಬಡಿಸಲಾಗದು. ಆದ್ದರಿಂದ ತನ್ನ ಮೈಯನ್ನೇ ಕೊಡಲು ಬೆಂಕಿಗೆ ಹಾರುವ ಮುನ್ನ, ತುಪ್ಪಳದಲ್ಲಿರುವ ಸಣ್ಣ ಜೀವಿಗಳು ಸಾಯಬಾರದೆಂದು ಮೊಲ ಮೂರು ಸಲ ಮೈ ಕೊಡವಿಕೊಳ್ಳುತ್ತದೆ. ಈ ಒಂದೇ ವಾಕ್ಯದ ಮೇಲೆ ಕೂಟ ನಡೆಸುತ್ತಿದ್ದ ಮೇಷ್ಟ್ರು ಅರ್ಧ ಗಂಟೆ ನಿಂತರು. ನಾನು ಕಟ್ಟಿದ ಹಣಕ್ಕೆ ಅಷ್ಟೇ ಸಾಕಾಗಿತ್ತು. ಸಮೋಧಾನದಲ್ಲಿ ನೀರುನಾಯಿ ಆನಂದ, ನರಿ ಮೊಗ್ಗಲ್ಲಾನ, ಕೋತಿ ಸಾರಿಪುತ್ತ, ಮೂವರೂ ಬುದ್ಧನ ಶಿಷ್ಯರೇ ಎಂದು ತಿಳಿದಾಗ ಹಿಂದಿನ ಪುಟಗಳನ್ನೆಲ್ಲ ಮತ್ತೆ ತಿರುವಬೇಕೆನಿಸಿತು.

ಶ್ರವಣಬೆಳಗೊಳದ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು, ಜೈನ ಕಥೆಗಳ ಜನ್ಮಪರಂಪರೆಯನ್ನು ನೆನೆದು, "ನಮ್ಮ ಭವಾವಳಿಯೂ ಹೀಗೇ ಅಲ್ಲವೇ ಸಾರ್?" ಎಂದು ಕೇಳಿದರು. ಮೇಷ್ಟ್ರು ಜನ್ನನ ಯಶೋಧರ ಚರಿತೆಯನ್ನು ನೆನಪಿಸಿ, ಅಲ್ಲಿ ಹಿಟ್ಟಿನ ಕೋಳಿಯ ಬಲಿಯೇ ಜನ್ಮಜನ್ಮಕ್ಕೂ ಬೆನ್ನು ಹತ್ತುತ್ತದೆ, ಜಾತಕದಲ್ಲಿ ಮುಂದೆ ಬುದ್ಧನಾಗಲಿರುವ ಬೋಧಿಸತ್ತ್ವ ಒಂದೊಂದು ಜನ್ಮದಲ್ಲೂ ಪಾರಮಿತೆಯನ್ನು, ಅಂದರೆ ಗುಣದ ಪರಿಪೂರ್ಣತೆಯನ್ನು ಕೂಡಿಸಿಕೊಳ್ಳುತ್ತಾನೆ ಎಂದರು. ಮೂರನೆಯ ವಾರ ಆರ್ಯಶೂರನ ಜಾತಕಮಾಲೆಯನ್ನು ಓದಿದೆವು. 34 ಕಥೆಗಳ ಈ ಸಂಸ್ಕೃತ ಕೃತಿಯಲ್ಲಿ ಗದ್ಯವೂ ಪದ್ಯವೂ ಬೆರೆತಿರುವುದರಿಂದ ಪಂಪನ ಚಂಪುವಿನ ರುಚಿ ಹತ್ತಿದವರಿಗೆ ಹಿಡಿಸುತ್ತದೆ. ನನಗೇನೋ ಪಾಲಿಯ ಬಿಗಿಯೇ ಮೇಲು.

ಕೊರತೆಗಳೂ ಇದ್ದವು. ಹಂಚಿದ ಜೆರಾಕ್ಸ್ ಹಾಳೆಗಳಲ್ಲಿ ಗಾಥೆಗಳೇ ಮಸುಕಾಗಿದ್ದವು. ತುಂಬ ದೀರ್ಘವಾದ ವೆಸ್ಸಂತರ ಜಾತಕವನ್ನು ಕೊನೆಯ ಭಾನುವಾರದ ಒಂದೂವರೆ ಗಂಟೆಗೆ ತುರುಕಿದ್ದು ಸರಿಯಲ್ಲ. ದಾನವಾಗಿ ತಮ್ಮನ್ನೇ ಕೇಳಲು ಬಂದ ಬ್ರಾಹ್ಮಣ ಜೂಜಕನಿಗೆ ಹೆದರಿ ವೆಸ್ಸಂತರನ ಮಕ್ಕಳಿಬ್ಬರು ತಾವರೆಕೊಳದಲ್ಲಿ ಅಡಗುವಲ್ಲಿಗೆ ಹೊತ್ತು ಮುಗಿದು, ಮುಂದಿನದನ್ನು ಮನೆಯಲ್ಲಿ ಓದಿಕೊಳ್ಳಿ ಎಂದು ಮೇಷ್ಟ್ರು ಎದ್ದುಬಿಟ್ಟರು. ಅದೊಂದಕ್ಕೇ ಎರಡು ಭಾನುವಾರ ಇಟ್ಟರೆ ಇನ್ನೂ 200 ರೂಪಾಯಿ ಹೆಚ್ಚು ಕೊಟ್ಟು ಸೇರುತ್ತೇನೆ.