ಮಾರ್ಗನ್ ಡಾಲರೋ, ಪೀಸ್ ಡಾಲರೋ?

ಅಮೆರಿಕದ ಈ ಎರಡು ಹಳೆಯ ಬೆಳ್ಳಿ ನಾಣ್ಯಗಳಲ್ಲಿ ಸಂಗ್ರಹಕ್ಕೆ ಯಾವುದು ಲೇಸು? ಎರಡರ ತೂಕವೂ 26.73 ಗ್ರಾಂ, ಎರಡರಲ್ಲೂ ಬೆಳ್ಳಿ ನೂರಕ್ಕೆ 90 ಪಾಲು. ಹಾಗಾಗಿ ಇವುಗಳ ನಡುವೆ ತೀರ್ಪು ಹೇಳಲು ತಕ್ಕಡಿಗೆ ಆಗುವುದಿಲ್ಲ, ಕಣ್ಣೇ ಬೇಕು. ನ್ಯೂಜೆರ್ಸಿಗೆ ಬಂದ ಮೇಲೆ ಎರಡನ್ನೂ ಕೂಡಿಸುತ್ತಾ ಬಂದಿದ್ದೇನೆ.

ಹೊಸಬರಿಗೆ ಮಾರ್ಗನ್ ಒಳ್ಳೆಯ ಮೇಷ್ಟ್ರು. ಮುಂಬದಿಯ ಹೆಣ್ಣಿನ ಮುಖದಲ್ಲಿ ಕಿವಿಯ ಮೇಲಿನ ಕೂದಲು, ಹಿಂಬದಿಯ ಹದ್ದಿನ ಎದೆಯ ಗರಿಗಳು ಮೊದಲು ಸವೆಯುತ್ತವೆ. ಭೂತಗನ್ನಡಿ ಹಿಡಿದರೆ ದರ್ಜೆ, ಅಂದರೆ ನಾಣ್ಯ ಎಷ್ಟು ಸವೆದಿದೆ ಎಂಬುದು, ಹೆಚ್ಚುಕಡಿಮೆ ಗೊತ್ತಾಗುತ್ತದೆ. ನ್ಯೂ ಆರ್ಲಿಯನ್ಸ್ ಟಂಕಸಾಲೆಯ ಅನೇಕ ನಾಣ್ಯಗಳಲ್ಲಿ ಮಾತ್ರ ಅಚ್ಚು ಸರಿಯಾಗಿ ಬಿದ್ದಿರುವುದಿಲ್ಲ, ಅದನ್ನು ಸವೆತ ಎಂದುಕೊಳ್ಳದಂತೆ ಎಚ್ಚರ.

ಪೀಸ್ ಡಾಲರಿನಲ್ಲಿ ಈ ತೊಂದರೆ ಇನ್ನೂ ಹೆಚ್ಚು. 1921ರ ಮೊದಲ ನಾಣ್ಯಗಳ ಉಬ್ಬು ಅತಿಯಾಯಿತೆಂದು 1922ರಲ್ಲಿ ಅದನ್ನು ತಗ್ಗಿಸಿದರು. ಆದರೂ ಮುಂಬದಿಯ ಹೆಣ್ಣಿನ ನಡುಗೂದಲು ಮಂಕಾಗಿಯೇ ಮೂಡಿದ ನಾಣ್ಯಗಳು ಬೇಕಾದಷ್ಟಿವೆ. ಅಂಥದ್ದೊಂದನ್ನು ಸವೆದದ್ದೆಂದು ಅಗ್ಗಕ್ಕೆ ಮಾರಿಬಿಟ್ಟೆ. ಕೊಂಡವರು ಅದನ್ನು ದೀಪದಡಿ ಓರೆಯಾಗಿ ಹಿಡಿದು ಮೆಲ್ಲನೆ ತಿರುಗಿಸಿದರು: ಬೆಳಕಿನ ಪಟ್ಟಿ ಚಕ್ರದ ಅರದಂತೆ ಕೂದಲಿನ ಮೇಲೂ ತಡೆಯಿಲ್ಲದೆ ಸುತ್ತಿತು. ನಿಜವಾಗಿ ಸವೆದಿದ್ದರೆ ಆ ಜಾಗದಲ್ಲಿ ಹೊಳಪು ಸತ್ತು ಬೂದಾಗಿರುತ್ತಿತ್ತು. (ವಿಭೂತಿಯಲ್ಲಿ ಬೆಳ್ಳಿ ತಿಕ್ಕುವ ಮನೆಯಲ್ಲಿ ಬೆಳೆದವನು ನಾನು, ಆ ಚಾಳಿಯಿಂದ ಒಂದು ಮಾರ್ಗನ್ನಿನ ಹೊಳಪನ್ನೂ ಕೈಯಾರೆ ಕೊಂದಿದ್ದೇನೆ.)

ಯಾವುದು ವಿರಳ ಎಂಬ ವಿಷಯಕ್ಕೆ ಬಂದರೆ ಮಾರ್ಗನ್ನಿನ ಗಮ್ಮತ್ತೇ ಬೇರೆ. 1918ರ ಪಿಟ್‌ಮನ್ ಕಾಯ್ದೆಯಡಿ 27 ಕೋಟಿ ಡಾಲರ್ ನಾಣ್ಯಗಳನ್ನು ಕರಗಿಸಿದ್ದರಿಂದ ಎಷ್ಟು ಅಚ್ಚಾಗಿತ್ತು ಎಂಬ ಲೆಕ್ಕವೊಂದನ್ನೇ ನಂಬುವಂತಿಲ್ಲ. 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 32 ಲಕ್ಷ ಅಚ್ಚಾದವು. ಸವೆದವು ಸುಲಭವಾಗಿ ಸಿಗುತ್ತವೆ, ಬಳಕೆಯಾಗದ್ದು ದುರ್ಲಭ. ನ್ಯೂ ಆರ್ಲಿಯನ್ಸಿನ 1903ರ ನಾಣ್ಯದ್ದು ತಿರುಗುಮುರುಗು: ಭಾರೀ ವಿರಳ ಎನಿಸಿಕೊಂಡಿದ್ದದ್ದು 1962ರಲ್ಲಿ ಖಜಾನೆಯಿಂದ ಚೀಲಗಟ್ಟಲೆ ಹೊರಬಂದು ಬೆಲೆ ಪಾತಾಳಕ್ಕಿಳಿಯಿತು. 1893ರ ಸ್ಯಾನ್ ಫ್ರಾನ್ಸಿಸ್ಕೊ ನಾಣ್ಯ ಅಚ್ಚಾದದ್ದು ಒಂದೇ ಲಕ್ಷ. ಬೇರೆ ಟಂಕಸಾಲೆಯ ನಾಣ್ಯಕ್ಕೆ ಆ ಊರಿನ ಗುರುತಾದ ‘ಎಸ್’ ಅಕ್ಷರ ಅಂಟಿಸಿದ ನಕಲಿಗಳೂ ಇವೆ, ಪ್ರಮಾಣಪತ್ರವಿಲ್ಲದ್ದನ್ನು ನಾನು ಮುಟ್ಟುವುದಿಲ್ಲ.

ಪೀಸ್‌ನಲ್ಲಿ ಇಂಥ ಕಥೆಗಳು ಕಡಿಮೆ, ಆದರೆ ಗುರಿ ಕೈಗೆಟುಕುತ್ತದೆ. ಪ್ರತಿ ವರ್ಷದ ಪ್ರತಿ ಟಂಕಸಾಲೆಯದ್ದು ಒಂದೊಂದರಂತೆ ಮಾರ್ಗನ್ ಪೂರ್ಣ ಸಂಗ್ರಹಕ್ಕೆ ನೂರರ ಹತ್ತಿರ ನಾಣ್ಯ ಬೇಕು. ಪೀಸ್‌ಗೆ 1921ರಿಂದ 1935ರವರೆಗಿನ 24 ಸಾಕು. ಕಲಿತದ್ದು ಮಾರ್ಗನ್ನಿನಿಂದಾದರೂ ಈಗ ಹಣ ಹಾಕುತ್ತಿರುವುದು ಪೀಸ್ ಮೇಲೆ. ಪೆಟ್ಟಿಗೆಯಲ್ಲಿ 23 ಕೂತಿವೆ. ಖಾಲಿ ಇರುವ ಗುಂಡಿ 1934ರ ಸ್ಯಾನ್ ಫ್ರಾನ್ಸಿಸ್ಕೊ ನಾಣ್ಯದ್ದು. ಸವೆದದ್ದು ಎರಡು ಸಲ ಎದುರಾಗಿದೆ, ನನಗೆ ಬೇಕಿರುವುದು ಸವೆಯದ್ದು.