ಹೊಟ್ಟೆ ಸರಿಯಿಲ್ಲದ ನಾಯಿಗೆ ರಾಯಲ್ ಕ್ಯಾನಿನ್ ಲೋ ಫ್ಯಾಟ್: ಕೊಡಗಿನ ಮನೆಯಲ್ಲಿ ಹೇಗಿದೆ?

ಮೊದಲಿಗೇ ಒಂದು ವಿಷಯ. ರಾಯಲ್ ಕ್ಯಾನಿನ್ ಅನ್ನುವ ನಾಯಿ ಆಹಾರದ ಕಂಪನಿಯಲ್ಲಿ ಗ್ಯಾಸ್ಟ್ರೋಇಂಟೆಸ್ಟೈನಲ್ (ಅಂದರೆ ಹೊಟ್ಟೆ, ಕರುಳಿನ ತೊಂದರೆಗೆ) ಅಂತ ಹೆಸರಿರುವ ಚೀಲ ಒಂದೇ ಅಲ್ಲ. ಬರೀ ಗ್ಯಾಸ್ಟ್ರೋಇಂಟೆಸ್ಟೈನಲ್ ಅಂತಿರುವುದರಲ್ಲಿ ಕೊಬ್ಬು ಸುಮಾರು 20 ಪರ್ಸೆಂಟ್, ಅದರ ಮುಂದೆ ಲೋ ಫ್ಯಾಟ್ ಅಂತ ಸೇರಿಸಿರುವುದರಲ್ಲಿ 7ರ ಆಸುಪಾಸು. ಮೊದಲನೆಯದು ತೂಕ ಇಳಿದ ನಾಯಿಗೆ ಸ್ವಲ್ಪ ತಿಂದರೂ ಶಕ್ತಿ ಸಿಗಲಿ ಅಂತ ಮಾಡಿದ್ದು. ಕೊಬ್ಬು ಆಗದ ನಾಯಿಗೆ, ಅದರಲ್ಲೂ ಮೇದೋಜೀರಕ ಗ್ರಂಥಿ ಊದಿಕೊಂಡು ವಾಂತಿ ಮಾಡುವ ನಾಯಿಗೆ, ಬೇಕಾಗಿರುವುದು ಎರಡನೆಯದು. ಅಂಗಡಿಯಲ್ಲಿ ಹೆಸರು ಪೂರ್ತಿ ಓದಿ ತಗೊಳ್ಳಿ.

ನಮ್ಮ ಜೂಲಿ ಲ್ಯಾಬ್ರಡಾರ್. ಸಿಕ್ಕಿದ್ದೆಲ್ಲ ತಿನ್ನುವ ಜಾತಿ. ಅದರ ಮೇಲೆ ಇದು ಕೊಡಗು, ಕೈಲ್‌ಪೊಳ್ದ್ ಹಬ್ಬ ಬಂತು ಅಂದರೆ ಕಡಂಬುಟ್ಟು ಅನ್ನುವ ಅಕ್ಕಿ ಉಂಡೆ ಜೊತೆ ಪಂದಿ ಕರಿ (ಹಂದಿ ಸಾರು), ಪುತ್ತರಿ ಹಬ್ಬಕ್ಕೆ ನೆಂಟರು, ಮದುವೆ ಸೀಸನ್‌ನಲ್ಲಿ ಕೇಳುವುದೇ ಬೇಡ. ಹಂದಿಯ ಚರ್ಮದ ಕೊಬ್ಬು ನಾಯಿಗೆ ಪ್ರೀತಿಯಿಂದ ಬೀಳುತ್ತದೆ, ಮೂಳೆಯೂ ಬೀಳುತ್ತದೆ. ಬೆಂದ ಮೂಳೆ ಚೂರಾಗಿ ಕರುಳಿಗೆ ಚುಚ್ಚುತ್ತದೆ, ಸಾರಿನಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನೇ ಹಾಳು ಮಾಡುತ್ತದೆ. ಜೂಲಿಗೆ ಲೋಳೆ ಲೋಳೆಯಾದ ಭೇದಿ, ಬೆಳಗ್ಗೆ ಹಳದಿ ವಾಂತಿ, ಔಷಧಿ ಕೊಟ್ಟರೆ ನಿಲ್ಲುವುದು, ನಿಲ್ಲಿಸಿದರೆ ಮತ್ತೆ ಶುರು. ಹೀಗೇ ನಡೆದಿತ್ತು.

ಆಹಾರ ಬದಲಿಸುವ ಮುಂಚೆ ನಮ್ಮ ಡಾಕ್ಟರು ಮಲ ಪರೀಕ್ಷೆ ಮಾಡಿಸಿದರು. ಇದನ್ನು ದಯವಿಟ್ಟು ಯಾರೂ ಬಿಡಬೇಡಿ. ತೋಟದ ನಾಯಿಗಳು ತೋಡಿನ ನೀರು, ಗುಂಡಿಯ ನೀರು ಎಲ್ಲ ಕುಡಿಯುತ್ತವೆ. ಜಿಯಾರ್ಡಿಯಾ ಅನ್ನುವ, ಕಣ್ಣಿಗೆ ಕಾಣದ ಕರುಳಿನ ಪರಾವಲಂಬಿ ಇರಬಹುದು, ಕೊಕ್ಕೆಹುಳು ಇರಬಹುದು. ಅದು ಒಳಗಿದ್ದರೆ ಎಷ್ಟು ದುಬಾರಿ ಚೀಲ ತಂದರೂ ಹೊಟ್ಟೆ ಸರಿಹೋಗುವುದಿಲ್ಲ. ಜೂಲಿಗೆ ಹುಳ ಸಿಗಲಿಲ್ಲ. ಆಮೇಲೆ ರಕ್ತ ಪರೀಕ್ಷೆ ನೋಡಿ, ಕೊಬ್ಬು ಕಡಿಮೆ ಮಾಡಿ ಅಂದರು.

ಒಂದೇ ಸಲ ಬದಲಿಸಬಾರದು. ಹಳೆಯದರ ಜೊತೆ ಕಾಲು ಭಾಗ ಹೊಸದು, ಎರಡು ದಿನ ಬಿಟ್ಟು ಅರ್ಧ, ಆಮೇಲೆ ಮುಕ್ಕಾಲು, ಹೀಗೆ ಒಂದು ವಾರ ತಗೊಳ್ಳಿ. ಜೂಲಿ ಮೊದಲ ದಿನವೇ ಬಟ್ಟಲು ನೆಕ್ಕಿದಳು, ರುಚಿಯ ಬಗ್ಗೆ ದೂರಿಲ್ಲ. ಮಲ ಗಟ್ಟಿಯಾಗುತ್ತಾ ಬಂತು, ಪ್ರಮಾಣವೂ ಕಡಿಮೆಯಾಯಿತು. ತಿಂದದ್ದು ಮೈಗೆ ಹತ್ತುತ್ತಿದೆ ಅಂತ ಅರ್ಥ ಅಲ್ವಾ. ಇದರಲ್ಲಿ ಅಕ್ಕಿ, ಕೋಳಿಯ ಪ್ರೋಟೀನು, ಬೀಟ್ ತಿರುಳು, ಇಸಬ್ಗೋಲಿನ ಸಿಪ್ಪೆ ಇವೆ. ಕೋಳಿಯೇ ಆಗದ ನಾಯಿಗೆ ಇದು ಉಪಯೋಗವಿಲ್ಲ, ಅಂಥ ನಾಯಿಗೆ ಪ್ರೋಟೀನನ್ನು ತೀರಾ ಸಣ್ಣದಾಗಿ ಒಡೆದಿರುವ ಹೈಡ್ರೊಲೈಜ್ಡ್ ಆಹಾರ ಅಂತ ಬೇರೆ ಬರುತ್ತದೆ.

ಬೆಲೆ ಜಾಸ್ತಿ. ಜೂಲಿಯ ಗಾತ್ರದ ನಾಯಿಗೆ ದಿನಕ್ಕೆ 300 ಗ್ರಾಂ ದಾಟುತ್ತದೆ, ಸಣ್ಣ ಚೀಲ ಒಂದು ವಾರವೂ ಬರುವುದಿಲ್ಲ. ನಮ್ಮ ಕಡೆ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಕೊಬ್ಬು ಜಾಸ್ತಿ ಇರುವುದೇ, ಲೋ ಫ್ಯಾಟ್ ಬೇಕಾದರೆ ಹೇಳಿ ತರಿಸಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಅದೂ ಇಲ್ಲ. ಹಾಗಾಗಿ ಜೂನ್‌ಗೆ ಮುಂಚೆ ಒಂದು ಚೀಲ ಹೆಚ್ಚಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಇದರ ಬದಲು ಮನೆಯಲ್ಲೇ ಕೋಳಿ, ಅನ್ನ ಬೇಯಿಸಿ ಹಾಕಬಾರದಾ ಅಂತ ತುಂಬಾ ಜನ ಕೇಳುತ್ತಾರೆ. ಹಾಕಬಹುದು. ಚರ್ಮ ತೆಗೆದ ಎದೆ ಮಾಂಸ, ಮೆತ್ತಗೆ ಬೆಂದ ಅನ್ನ, ಉಪ್ಪು ಮಸಾಲೆ ಏನೂ ಬೇಡ. ಭೇದಿ ಹತ್ತಿದಾಗ ನಾಲ್ಕೈದು ದಿನಕ್ಕೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ತಿಂಗಳುಗಟ್ಟಲೆ ಅದೇ ಆದರೆ ಕ್ಯಾಲ್ಸಿಯಂ ಸಾಲುವುದಿಲ್ಲ, ಬೇರೆ ಖನಿಜಗಳೂ ಸಾಲುವುದಿಲ್ಲ. ಅಡುಗೆಯೇ ಮಾಡಿ ಹಾಕುವುದಾದರೆ ಏನೇನು ಸೇರಿಸಬೇಕು ಅಂತ ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

ನನಗೆ ಕಷ್ಟ ಅನ್ನಿಸಿದ್ದು ದುಡ್ಡಲ್ಲ, ಕೈಗಳು. ಅತ್ತೆ ಹಾಲನ್ನ ಹಾಕುತ್ತಾರೆ, ಲೈನ್ ಮನೆಯ (ತೋಟದ ಕೆಲಸಗಾರರ ಮನೆಸಾಲಿನ) ಮಕ್ಕಳು ಮೀನಿನ ತಲೆ ಕೊಡುತ್ತಾರೆ. ಎಲ್ಲರಿಗೂ ಜೂಲಿ ಅಂದರೆ ಜೀವ. ಬೇಡ ಅಂದರೆ ಬೇಜಾರಾಗುತ್ತಾರೆ, ಅದಕ್ಕೆ ಒಂದು ಡಬ್ಬಿಯಲ್ಲಿ ಅವಳ ದಿನದ ಪಾಲಿನದೇ ಒಂದು ಹಿಡಿ ತುಂಬಿಸಿ ಜಗಲಿಯಲ್ಲಿಟ್ಟೆ. ಕೊಡಲೇಬೇಕು ಅನ್ನಿಸಿದವರು ಅದರಿಂದ ಕೊಡಲಿ. ಈ ಆಹಾರ ತಂದು ಜೊತೆಗೆ ಹಂದಿ ಕೊಬ್ಬನ್ನೂ ಹಾಕುತ್ತಿದ್ದರೆ ದುಡ್ಡು ದಂಡ, ಲೋ ಫ್ಯಾಟ್ ಅನ್ನುವುದಕ್ಕೇ ಅರ್ಥವಿಲ್ಲ.

ಇನ್ನು ಇಡುವ ವಿಚಾರ. ನಮ್ಮ ಮಳೆಯಲ್ಲಿ ಬಾಯಿ ತೆರೆದ ಚೀಲ ಬೇಗ ಮೆತ್ತಗಾಗುತ್ತದೆ, ಬೂಸ್ಟು ಬರುತ್ತದೆ. ಬೂಸ್ಟು ಬಂದದ್ದನ್ನು ಒಣಗಿಸಿ ಹಾಕಬೇಡಿ, ಎಸೆದುಬಿಡಿ. ಚೀಲದ ಬಾಯಿ ಮಡಚಿ, ಚೀಲ ಸಮೇತ ಗಟ್ಟಿ ಮುಚ್ಚಳದ ಡ್ರಮ್ಮಿನಲ್ಲಿಡಿ, ಒಲೆಯಿಂದ ದೂರ. ತಾರೀಕು ಚೀಲದ ಮೇಲೇ ಇರುತ್ತದೆ, ಅದನ್ನು ಹರಿದು ಬಿಸಾಡಬೇಡಿ.