ಅಂಗಡಿಗೆ ಬಾರದ ಫೋನಿನ ವಿಮರ್ಶೆ: ಒಪ್ಪೋ ಎಕ್ಸ್ 2021

ಮಾರಾಟಕ್ಕೇ ಬಾರದ ಫೋನನ್ನು ವಿಮರ್ಶಿಸುವಾಗ ಅದನ್ನು ಕಟ್ಟಿ ತೋರಿಸಿದ್ದು ಏಕೆ ಎಂಬ ಪ್ರಶ್ನೆಯಿಂದಲೇ ತೊಡಗಬೇಕಾಗುತ್ತದೆ. 2020ರ ನವೆಂಬರ್‌ನಲ್ಲಿ ಒಪ್ಪೋ ಕಂಪನಿ ಪರಿಚಯಿಸಿದ ಎಕ್ಸ್ 2021 ಅಂತಹ ಕಾನ್ಸೆಪ್ಟ್ ಫೋನ್. ಬದಿಯ ಗುಂಡಿಯ ಮೇಲೆ ಬೆರಳು ಸವರಿದರೆ ಎರಡು ಪುಟ್ಟ ಮೋಟಾರುಗಳು ಚೌಕಟ್ಟನ್ನು ಹಿಗ್ಗಿಸುತ್ತವೆ; ಒಳಗೆ ಸುತ್ತಿಕೊಂಡಿದ್ದ ಪರದೆ ಸುರುಳಿ ಬಿಚ್ಚಿಕೊಂಡು 6.7 ಇಂಚಿನಿಂದ 7.4 ಇಂಚಿಗೆ ಬೆಳೆಯುತ್ತದೆ, ಓಡುತ್ತಿರುವ ವಿಡಿಯೊ ಕೂಡ ಅದರ ಜೊತೆಜೊತೆಗೇ ದೊಡ್ಡದಾಗುತ್ತದೆ. ಮಡಚುವ ಫೋನುಗಳ ಪರದೆಯ ನಡುವೆ ಎದ್ದು ಕಾಣುವ ಗೆರೆಯ ತೊಂದರೆಗೆ ನಾನು ಕಂಡ ಉತ್ತರಗಳಲ್ಲಿ ಇದೇ ಅತ್ಯಂತ ಸೊಗಸಾದದ್ದು.

ಆದರೆ ವೇದಿಕೆಯ ಮೇಲೆ ಕೆಲವು ಸಲ ಸರಾಗವಾಗಿ ಚಲಿಸಿದ ಯಂತ್ರ, ಜೇಬಿನ ಧೂಳು, ಬೆವರು, ಕೈಜಾರಿ ಬೀಳುವ ಪೆಟ್ಟು ಎಲ್ಲವನ್ನೂ ತಾಳಿಕೊಂಡು ವರ್ಷಗಟ್ಟಲೆ ಚಲಿಸಬೇಕು. ಮೋಟಾರುಗಳಿಗೆ ಬಿಟ್ಟುಕೊಟ್ಟ ಜಾಗ ಬ್ಯಾಟರಿಗೆ ಕಡಿಮೆಯಾಗುತ್ತದೆ, ಸಂದಿನೊಳಗೆ ಹೊಕ್ಕ ಒಂದು ಮರಳಿನ ಕಣವೂ ಮೆದು ಪರದೆಯನ್ನು ಗೀಚಬಲ್ಲದು. ಇಂತಹ ಲಕ್ಷಾಂತರ ಫೋನುಗಳನ್ನು ಒಂದೇ ಗುಣಮಟ್ಟದಲ್ಲಿ ತಯಾರಿಸಿ, ಕೆಟ್ಟರೆ ದುರಸ್ತಿ ಮಾಡಿಕೊಡುವ ಹೊಣೆ ಹೊರುವುದಕ್ಕಿಂತ ಒಂದೆರಡನ್ನು ಕಟ್ಟಿ ತೋರಿಸುವುದು ಎಷ್ಟೋ ಅಗ್ಗ. ಅಷ್ಟರಿಂದಲೇ ಕಂಪನಿಗೆ ಮುಂಚೂಣಿಯ ಹೆಸರು ಬರುತ್ತದೆ, ಜನರ ಮನಸ್ಸು ತಿಳಿಯುತ್ತದೆ, ಎಂಜಿನಿಯರುಗಳಿಗೂ ಹೊಸ ಬಿಡಿಭಾಗಗಳ ಮಿತಿ ಗೊತ್ತಾಗುತ್ತದೆ. ಎಲ್‌ಜಿ ಸಹ 2021ರ ಜನವರಿಯಲ್ಲಿ ಸುರುಳಿ ಪರದೆಯ ಫೋನಿನ ನೋಟ ತೋರಿಸಿತ್ತು. ಏಪ್ರಿಲ್‌ನಲ್ಲಿ ಮೊಬೈಲ್ ವ್ಯವಹಾರದಿಂದಲೇ ಹೊರಬರುವುದಾಗಿ ಪ್ರಕಟಿಸಿತು.

ಹಾಗೆಂದು ಎಲ್ಲ ಪ್ರದರ್ಶನಗಳೂ ಬರಿಯ ಆಡಂಬರವಲ್ಲ. 2018ರ ಫೆಬ್ರವರಿಯಲ್ಲಿ ಬಾರ್ಸಿಲೋನಾದಲ್ಲಿ ವಿವೋ ತೋರಿಸಿದ ಅಪೆಕ್ಸ್‌ನಲ್ಲಿ ಸೆಲ್ಫಿ ಕ್ಯಾಮೆರಾ ಮೇಲಂಚಿನಿಂದ ಎದ್ದು ಬರುತ್ತಿತ್ತು, ಪರದೆಯ ಕೆಳಗಿನ ಅರ್ಧದಲ್ಲಿ ಎಲ್ಲಿ ಮುಟ್ಟಿದರೂ ಬೆರಳಚ್ಚು ಗುರುತಾಗುತ್ತಿತ್ತು. ಅದೇ ವರ್ಷದ ಜೂನ್‌ನಲ್ಲಿ ಬಂದ ವಿವೋದ ನೆಕ್ಸ್ ಫೋನಿನಲ್ಲಿ ಆ ಕ್ಯಾಮೆರಾ ಗ್ರಾಹಕರ ಕೈಸೇರಿತು, ಅರ್ಧ ಪರದೆಯ ಬೆರಳಚ್ಚು ಮಾತ್ರ ಹಿಂದೆ ಉಳಿಯಿತು. ಕಾನ್ಸೆಪ್ಟ್ ಫೋನಿನಿಂದ ನಾನು ನಿರೀಕ್ಷಿಸುವುದು ಇದನ್ನೇ. ಇದಕ್ಕೆ ಪೂರ್ತಿ ವಿರುದ್ಧವಾದದ್ದು ಶಿಯೋಮಿಯ ಮಿ ಮಿಕ್ಸ್ ಆಲ್ಫಾ: 2019ರ ಸೆಪ್ಟೆಂಬರ್‌ನಲ್ಲಿ 19,999 ಯುವಾನ್ ಎಂದು ಬೆಲೆಯನ್ನೂ ಹೇಳಿ ಆಸೆ ಹುಟ್ಟಿಸಿದ ಕಂಪನಿ, ಮರುವರ್ಷ ದೊಡ್ಡ ಪ್ರಮಾಣದ ತಯಾರಿಕೆಯನ್ನೇ ಕೈಬಿಟ್ಟಿತು. ಬೆಲೆ ಹೇಳಿದ ಮೇಲೆ ಅದು ಗ್ರಾಹಕನಿಗೆ ಕೊಟ್ಟ ಮಾತು, ಅದನ್ನು ಮುರಿದದ್ದು ನನಗೆ ಸರಿಕಾಣುವುದಿಲ್ಲ.

ಒಪ್ಪೋ ಆ ತಪ್ಪು ಮಾಡಲಿಲ್ಲ. ಎಕ್ಸ್ 2021 ಅನ್ನು ಮೊದಲಿನಿಂದಲೂ ಕಾನ್ಸೆಪ್ಟ್ ಎಂದೇ ಕರೆಯಿತು. ಕಲ್ಪನೆಗೂ ಈ ಪ್ರಾಮಾಣಿಕತೆಗೂ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.